ಕೋಳಿಯ ಕಾಯಿಲೆಯೂ ಭೂತದಯೆಯೂ



ಕಳೆದ ಅಮಾವಾಸ್ಯೆಯ ಶಿವಾನುಭವಗೋಷ್ಠಿಯಲ್ಲಿ ಪರಮಪೂಜ್ಯ ಶ್ರೀಗಳವರ ಅಪ್ಪಣೆಯಂತೆ ನಾನಾಡಿದ ನಾಲ್ಕು ಮಾತುಗಳನ್ನು ಪತ್ರಿಕೆಗೆ ಬರೆದುಕೊಡಬೇಕೆಂದು ಸಂಪಾದಕರು ಕೇಳಿದ್ದಾರೆ. ಆ ದಿನದ ಮಾತಿನ ವಿಷಯ ಒಂದು ಕೋಳಿ. ಹೀಗೆಂದೊಡನೆ ಸಭೆಯಲ್ಲಿ ಕೆಲವರು ನಕ್ಕರು. ವೀರಶೈವ ಮಠದ ಗೋಷ್ಠಿಯಲ್ಲಿ ಕೋಳಿಯ ಪ್ರಸ್ತಾಪವೇಕೆಂದು ಹಿರಿಯರೊಬ್ಬರು ಹುಬ್ಬೇರಿಸಿದರು. ಆದರೆ ಅಣ್ಣ ಬಸವಣ್ಣನವರೇ ತಮ್ಮದೊಂದು ವಚನದಲ್ಲಿ ಕಾಗೆಯನ್ನೂ ಕೋಳಿಯನ್ನೂ ಕರೆತಂದು ನಿಲ್ಲಿಸಿ, ಭಕ್ತನಾದವನು ಅವುಗಳಿಂದ ಕಲಿಯತಕ್ಕದ್ದುಂಟೆಂದು ತೋರಿಸಿಕೊಟ್ಟಿದ್ದಾರೆ. ಒಂದು ಕಾಳು ಕಣ್ಣಿಗೆ ಬಿದ್ದರೂ ಆ ಜೀವಿಗಳು ತಾವೊಂದೇ ನುಂಗದೆ ತಮ್ಮವರನ್ನೆಲ್ಲ ಕೂಗುತ್ತವೆಂಬುದು ಅಲ್ಲಿನ ನಿದರ್ಶನ. ದಾಸೋಹತತ್ತ್ವಕ್ಕೆ ಇದಕ್ಕಿಂತ ಸರಳವಾದ ಉಪಮಾನವನ್ನು ನಾನು ಕಾಣೆ. ಮೂವತ್ತು ವರ್ಷಗಳಿಂದ ಮಠದ ಶಾಲೆಯ ಮಕ್ಕಳಿಗೆ ಈ ವಚನವನ್ನು ಪಾಠ ಹೇಳುತ್ತ ಬಂದಿದ್ದೇನೆ. ಈ ವಚನವನ್ನೇ ಹಿಡಿದು ನಾನು ಈ ವರ್ಷ ಒಂದು ದೊಡ್ಡ ತಪ್ಪನ್ನು ಮಾಡಿದೆನಾದುದರಿಂದ, ಅದನ್ನು ಶರಣರ ಸಮಕ್ಷಮದಲ್ಲಿ ಒಪ್ಪಿಸುವುದು ನನ್ನ ಕರ್ತವ್ಯವಾಗಿದೆ.

ನಡೆದ ಸಂಗತಿ ಹೀಗಿದೆ. ನಮ್ಮ ಶಾಲೆಗೆ ಎಲ್ಲ ಕುಲದ ಮಕ್ಕಳೂ ಬರುತ್ತಾರೆ. ಎಂಟನೆಯ ತರಗತಿಯ ಹುಡುಗನೊಬ್ಬನ ಮನೆ ಊರ ಹೊರಗಣ ಕೇರಿಯಲ್ಲಿದೆ, ತಂದೆತಾಯಿ ಕೂಲಿಯವರು. ಹುಡುಗನು ಮರಿಯಿಂದ ಸಾಕಿದ ಒಂದು ಕೆಂಪು ಹೇಂಟೆ ಇದ್ದಿತು. ಅದರ ಹೆಸರು ಕೆಂಚಿ. ಮನೆಯ ಉಳಿದ ನಾಲ್ಕು ಕೋಳಿಗಳು ಸಂಸಾರದ ಆಸ್ತಿ. ಕೆಂಚಿ ಮಾತ್ರ ಅವನ ಒಡನಾಡಿ. ಅವನು ಶಾಲೆಗೆ ಹೊರಟರೆ ಅದು ಹಳ್ಳದ ಕಟ್ಟೆಯವರೆಗೆ ಹಿಂದೆಯೇ ಬಂದು ಅಲ್ಲಿಂದ ತಿರುಗುತ್ತಿತ್ತು. ಇದನ್ನು ಮಾರಬಾರದು, ಕೊಯ್ಯಬಾರದು ಎಂದು ತಂದೆಯಿಂದ ಅವನು ಭಾಷೆ ಪಡೆದಿದ್ದನು.

ಕಳೆದ ಫಾಲ್ಗುಣಮಾಸದ ಒಂದು ಬೆಳಿಗ್ಗೆ, ಪ್ರಾರ್ಥನೆಗೆ ಮೊದಲು, ಹುಡುಗನು ಆ ಕೋಳಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನೆದುರು ನಿಂತನು. "ಕೆಂಚಿ ಏನೂ ತಿನ್ನವಲ್ದ್ರೀ ಗುರುಗಳ" ಎಂದನು. ಗರಿಗಳು ಕೆದರಿದ್ದವು. ಕಣ್ಣು ಅರೆ ಮುಚ್ಚಿತ್ತು. ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಹಿಂಭಾಗದ ಗರಿಗೆ ಹಸಿರು ಬಣ್ಣದ ನೀರುಮಲ ಅಂಟಿಕೊಂಡಿತ್ತು. ಮನೆಯಲ್ಲಿ ಅವನ ತಾಯಿ ಹಿಂದಿನ ರಾತ್ರಿಯೇ ಅದನ್ನು ಬೇರೆಯಾಗಿ ಬುಟ್ಟಿಯಡಿಯಲ್ಲಿ ಮುಚ್ಚಿಟ್ಟಿದ್ದಳಂತೆ. ಹುಡುಗನ ದುಃಖ ರೋಗಕ್ಕಿಂತ ಹೆಚ್ಚಾಗಿ ಅದರ ಬಗೆಗೇ ಇತ್ತು. ಕಾಯಿಲೆ ಬಿದ್ದ ಜೀವವನ್ನು ಒಂಟಿಯಾಗಿ ಮುಚ್ಚಿಡುವುದು ಪಾಪವಲ್ಲವೇ ಎಂದು ಅವನು ಕೇಳಿದನು.

ನಾನು ಏನು ಹೇಳಬೇಕಾಗಿತ್ತು? ನನಗೆ ಕೋಳಿಗಳ ವಿಷಯ ತಿಳಿಯದು, ಪಶುವೈದ್ಯರನ್ನು ಕೇಳು ಎನ್ನಬೇಕಾಗಿತ್ತು. ಆದರೆ ಉಪದೇಶ ಮಾಡಿ ಅಭ್ಯಾಸವಾದ ನಾಲಗೆಗೆ ತಿಳಿಯದೆಂಬ ಮಾತು ಸುಲಭವಾಗಿ ಹೊರಳುವುದಿಲ್ಲ. ಕೋಳಿಯ ನೆತ್ತಿಗೆ ವಿಭೂತಿಯನ್ನಿಟ್ಟು, ಬಸವಣ್ಣನವರ ವಚನದ ಭಾವವನ್ನು ಹೇಳಿ, ತನ್ನ ಬಳಗವನ್ನು ಕರೆದು ಉಣ್ಣುವ ಜೀವವನ್ನು ಬಳಗದಿಂದ ಅಗಲಿಸಬಾರದು, ಅವುಗಳ ಜೊತೆಗೇ ಬಿಡು, ಕೂಡಿ ತಿಂದರೆ ಚೇತರಿಸಿಕೊಂಡೀತು ಎಂದುಬಿಟ್ಟೆನು. ಹುಡುಗನ ಮುಖ ಅರಳಿತು. ಅಂದು ನಾನು ಸಂತೋಷದಿಂದಲೇ ಪಾಠಕ್ಕೆ ಹೋದೆನು.

ಹತ್ತು ದಿನಗಳೊಳಗೆ ಆ ಮನೆಯ ಐದು ಕೋಳಿಗಳಲ್ಲಿ ನಾಲ್ಕು ಸತ್ತವು. ಮಗ್ಗುಲ ಮನೆಯ ಒಬ್ಬ ವೃದ್ಧೆಗೆ ಹನ್ನೊಂದು ಕೋಳಿಗಳಿದ್ದವು. ಗಂಡನಿಲ್ಲ, ಮಕ್ಕಳಿಲ್ಲ, ಮೊಟ್ಟೆ ಮಾರಿ ಎಣ್ಣೆ ಉಪ್ಪು ತರುವವಳು. ಅವಳ ಹನ್ನೊಂದರಲ್ಲಿ ಒಂಬತ್ತು ಹೋದವು.

ಮೂರನೆಯ ಕೋಳಿ ಕತ್ತು ತಿರುಚಿಕೊಂಡು ಬಿದ್ದ ದಿನ ನಾನೇ ಹೋಗಿ ಪಶುವೈದ್ಯರನ್ನು ಕರೆತಂದೆನು. ಅವರು ವಯಸ್ಸಿನಲ್ಲಿ ನನ್ನ ಮಗಳಷ್ಟಿರುವ ಹೆಣ್ಣುಮಗಳು. ನೋಡಿದವರೇ, ಇದು ನಮ್ಮ ಕಡೆ ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ ಬೇನೆಯಂತೆ ತೋರುತ್ತದೆ, ಆದರೆ ನೋಟಮಾತ್ರದಿಂದ ನಿಶ್ಚಯಿಸಲಾಗದು, ಹಕ್ಕಿಜ್ವರದ ಲಕ್ಷಣಗಳೂ ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ, ಸತ್ತ ಹಕ್ಕಿಯ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸುತ್ತೇನೆ ಎಂದರು. ಅದುವರೆಗೆ ಏನು ಮಾಡುವುದೆಂದು ನಾನು ಕೇಳಿದೆನು. ಇಲ್ಲವೆಂದು ತಿಳಿಯುವವರೆಗೆ ಇದೆಯೆಂದೇ ನಡೆದುಕೊಳ್ಳಬೇಕು ಎಂದರು. ಶಾಸ್ತ್ರಗ್ರಂಥಗಳ ಎಷ್ಟೋ ಸೂತ್ರಗಳನ್ನು ಬಾಯಿಪಾಠ ಮಾಡಿದ ನನಗೆ ಆ ಮಾತೂ ಒಂದು ಸೂತ್ರವಾಗಿ ತೋರಿತು. ಕೊನೆಗೆ ಬಂದ ವರದಿ ರಾಣಿಖೇತವೆಂದೇ ಹೇಳಿತು.

ಈ ರೋಗವನ್ನು ಕುರಿತು ಸ್ವಲ್ಪ ತಿಳಿದಿರುವುದು ಕೋಳಿ ಸಾಕುವವರಿಗೂ ಸಾಕದವರಿಗೂ ಒಳ್ಳೆಯದು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯಲ್ಲಿ ಇದನ್ನು ಗುರುತಿಸಿದರು. ಆದುದರಿಂದ ಹೊರದೇಶದಲ್ಲಿ ಅದಕ್ಕೆ ಆ ಊರಿನ ಹೆಸರು. ಕೆಲವೇ ವರ್ಷಗಳಲ್ಲಿ ನಮ್ಮ ಕುಮಾವೂಂ ಬೆಟ್ಟಸೀಮೆಯ ರಾಣಿಖೇತದಲ್ಲಿ ಕಂಡುಬಂದು, ಭರತಖಂಡದಲ್ಲಿ ಆ ಹೆಸರು ನಿಂತಿತು. ರೋಗಾಣುವು ಹಕ್ಕಿಯ ಉಸಿರಿನಲ್ಲಿ, ಮೂಗಿನ ಸಿಂಬಳದಲ್ಲಿ, ಹಿಕ್ಕೆಯಲ್ಲಿ ಹೊರಬೀಳುತ್ತದೆ; ಕಾಳಿಗೆ, ನೀರಿಗೆ, ಬುಟ್ಟಿಗೆ, ನಮ್ಮ ಕಾಲಿನ ಚಪ್ಪಲಿಗೆ ಅಂಟಿ ಇನ್ನೊಂದು ಮನೆಗೆ ಹೋಗುತ್ತದೆ. ಸಾಮಾನ್ಯವಾಗಿ ಐದಾರು ದಿನಗಳಲ್ಲಿ ರೋಗ ತೋರುತ್ತದೆ. ಕೆಲವೊಮ್ಮೆ ಎರಡೇ ದಿನ, ಕೆಲವೊಮ್ಮೆ ಹದಿನೈದು ದಿನ. ತಂಪು ನೆರಳಿನಲ್ಲಿ ಬಿದ್ದ ಹಿಕ್ಕೆಯಲ್ಲಿ ಅದು ವಾರಗಟ್ಟಲೆ ಜೀವಿಸಬಲ್ಲದು. ಹಿಡಿದ ಮೇಲೆ ಇದಕ್ಕೆ ಔಷಧವಿಲ್ಲ. ಮನುಷ್ಯರಿಗೆ ಇದರಿಂದ ಕಣ್ಣು ಕೆಂಪಾಗುವುದುಂಟು, ಅಷ್ಟರಲ್ಲಿಯೇ ಮುಗಿಯುತ್ತದೆ. ಹಕ್ಕಿಜ್ವರದ ಮಾತು ಬೇರೆ. ಅದು ಅಪರೂಪಕ್ಕೆ ಮನುಷ್ಯರಿಗೆ ಹತ್ತಿದರೂ ಪ್ರಾಣಕ್ಕೇ ಬರಬಹುದು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಅದು ನಮ್ಮ ದೇಶದೊಳಗೆ ಮೊದಲು ಕಾಣಿಸಿಕೊಂಡಿತು. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕಂಡಿತು. ಎದುರಿಗೆ ನಿಂತ ಹಕ್ಕಿಯ ಕಾಯಿಲೆ ಯಾವುದೆಂದು ತಿಳಿಯದಿರುವಾಗ ಅದನ್ನು ಮುಖಕ್ಕೆ ಒತ್ತಿ ಮುದ್ದಿಸಲು ಮಗುವನ್ನು ಬಿಡಬಾರದೆಂಬುದು ಇದರಿಂದ ಸಿದ್ಧವಾಗುತ್ತದೆ. ಅಂದು ಬೆಳಿಗ್ಗೆ ಆ ಹುಡುಗನು ಕೋಳಿಯನ್ನು ಎದೆಗವಚಿಕೊಂಡು ಬಂದಿದ್ದನು. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇರಲಿ. ಈಗ ನನ್ನ ತಪ್ಪಿನ ವಿಚಾರಕ್ಕೆ ಬರುತ್ತೇನೆ. ನಾನು ಬೇರೆ ಮಾತು ಹೇಳಿದ್ದರೆ ಒಂದೂ ಸಾಯುತ್ತಿರಲಿಲ್ಲವೆಂದು ಹೇಳಲಾಗದು. ಲಕ್ಷಣ ಕಾಣುವುದಕ್ಕೆ ಮೊದಲೇ ಕೆಂಚಿ ಉಳಿದವುಗಳೊಡನೆ ಮೇದಿದ್ದಿತು. ರೋಗವು ದಾಟಿದ್ದರೂ ದಾಟಿರಬಹುದು ಎಂದು ಪಶುವೈದ್ಯರೇ ಸಮಾಧಾನ ಹೇಳಿದರು. ಆದರೆ ಸಮಾಧಾನವು ನಿರ್ದೋಷಿತ್ವವಲ್ಲ. ವೃದ್ಧೆಯ ಹಿತ್ತಲಿಗೆ ಮೊದಲ ದಿನವೇ ಹೋಗಿದ್ದಿತೋ, ನಾನು ಬಿಡಿಸಿದ ಮೇಲೆ ಹೋಯಿತೋ, ಇದನ್ನು ಯಾರು ತೀರ್ಮಾನಿಸುವರು? ಓದುಬರಹವಿಲ್ಲದ ಆ ತಾಯಿ ಮಾಡಿದ ಕೆಲಸ ಸರಿಯಾಗಿತ್ತು, ಅದನ್ನು ವಚನಶಾಸ್ತ್ರದ ಹೆಸರಿನಲ್ಲಿ ನಾನು ಕೆಡಿಸಿದೆನು ಎಂಬುದಷ್ಟೆ ನಿಶ್ಚಯ.

ಸಂಸ್ಕೃತವನ್ನು ಓದುವ ಕಾಲದಲ್ಲಿ ನನಗೊಂದು ಸಂಶಯವಿದ್ದಿತು. ದಯಾ ಎಂಬ ಶಬ್ದಕ್ಕೆ ಮೂಲವಾದ ದಯ್ ಧಾತುವಿಗೆ ಪಾಣಿನೀಯ ಧಾತುಪಾಠವು ಕೊಡುವುದು, ಹೋಗುವುದು, ರಕ್ಷಿಸುವುದು, ಹಿಂಸಿಸುವುದು, ತೆಗೆದುಕೊಳ್ಳುವುದು ಎಂಬ ಅರ್ಥಗಳನ್ನು ಹೇಳುತ್ತದೆ. ಕೊಡುವುದು ದಯೆ, ರಕ್ಷಿಸುವುದು ದಯೆ, ಸರಿ. ಹಿಂಸಿಸುವುದು ಅದರ ಸಾಲಿನಲ್ಲಿ ಹೇಗೆ ಕುಳಿತಿತು? ಪಾಠ ಹೇಳುತ್ತಿದ್ದ ಶಾಸ್ತ್ರಿಗಳನ್ನು ಕೇಳಿದೆನು. ಅವರು ಧಾತುಗಳು ಅನೇಕಾರ್ಥಗಳೆಂದು ಹೇಳಿ ಮುಂದೆ ಸಾಗಿದರು. ವ್ಯಾಕರಣದ ಉತ್ತರ ಅಷ್ಟೇ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಹಿಂಡುವುದು ಸಾಧುವಲ್ಲ. ಆದರೂ ಆ ಹುಡುಗನ ಹಿತ್ತಲಲ್ಲಿ, ಬುಟ್ಟಿಯೊಳಗಿನಿಂದ ಕೆಂಚಿ ಕ್ಷೀಣವಾಗಿ ಕೂಗುತ್ತಿರಲು, ಅತ್ತ ಉಳಿದ ಕೋಳಿಗಳು ಮೇಯುತ್ತಿರಲು, ಹುಡುಗನು ಎರಡರ ನಡುವೆ ಕಣ್ಣೀರಿಟ್ಟು ನಿಂತಿರಲು, ನನಗೆ ಆ ಹಳೆಯ ಸಾಲು ನೆನಪಾಯಿತು. ಒಂದನ್ನು ರಕ್ಷಿಸುವ ಕೈಯೇ ಇನ್ನೊಂದನ್ನು ನೋಯಿಸಬೇಕಾಗುವ ಪ್ರಸಂಗಗಳುಂಟು. ನೋವು ಕೊಡದ ದಯೆಯನ್ನೇ ಅರಸುವವನು ಬಹುಮಟ್ಟಿಗೆ ತನ್ನ ಮನಸ್ಸಿನ ನೋವನ್ನು ತಪ್ಪಿಸಿಕೊಳ್ಳಬಯಸುತ್ತಾನೆ. ನಾನು ಅಂದು ಮಾಡಿದುದು ಅದನ್ನೇ. ಅಳುವ ಹುಡುಗನನ್ನು ನೋಡಲಾರದೆ ಅವನಿಗೆ ಹಿತವಾದ ಮಾತನ್ನು ಹೇಳಿದೆನು. ಎಣಿಕೆಗೆ ಸಿಕ್ಕದ ಉಳಿದ ಜೀವಗಳು ನನ್ನ ಕಣ್ಣಿಗೇ ಬೀಳಲಿಲ್ಲ.

ಸಾಂಕ್ರಾಮಿಕವೆಂಬ ಶಬ್ದವನ್ನು ನೋಡಿರಿ. ಸಂಕ್ರಾಂತಿಯಲ್ಲಿರುವ ಧಾತುವೇ ಅಲ್ಲಿಯೂ ಇದೆ. ಒಂದೆಡೆಯಿಂದ ಇನ್ನೊಂದೆಡೆಗೆ ಹೆಜ್ಜೆಯಿಟ್ಟು ದಾಟುವುದೆಂದು ಅರ್ಥ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಒಬ್ಬರಿಂದೊಬ್ಬರಿಗೆ ದಾಟುವ ರೋಗಗಳಿಗೆ ದಾರಿಗಳಾವುವೆಂದು ಹೇಳುವಾಗ ಮೈ ತಾಗುವುದು, ಉಸಿರು, ಒಂದೇ ಹಾಸಿಗೆ, ಬಟ್ಟೆ, ಮಾಲೆ ಇವುಗಳ ಜೊತೆಗೆ ಸಹಭೋಜನವನ್ನೂ ಎಣಿಸಿದ್ದಾರೆ. ಸಹಭೋಜನ! ಅಣ್ಣನವರು ಯಾವ ಗುಣಕ್ಕಾಗಿ ಕೋಳಿಯನ್ನು ಕೊಂಡಾಡಿದರೋ ಅದೇ ಗುಣ ರೋಗಕ್ಕೆ ಸೇತುವೆಯಾಗುತ್ತದೆ. ರೋಗಗ್ರಸ್ತವಾದ ಕೋಳಿಯೂ ಕಾಳು ಕಂಡರೆ ಬಳಗವನ್ನು ಕೂಗೀತು, ಬಳಗ ಓಡಿಬಂದೀತು. ಇದರಲ್ಲಿ ಕೋಳಿಯ ತಪ್ಪೇನೂ ಇಲ್ಲ, ಅದಕ್ಕೆ ವಿವೇಕವನ್ನು ಶಿವನು ಕೊಟ್ಟಿಲ್ಲ. ವಿವೇಕವನ್ನು ಕೊಟ್ಟಿರುವುದು ಅದನ್ನು ಸಾಕುವವನಿಗೆ. ಆ ವಚನದ ಗುರಿ ಬಳಗದ ಹಿತವಲ್ಲದೆ ಬರಿಯ ಕೂಗಲ್ಲ. ನಾನು ದೃಷ್ಟಾಂತವನ್ನು ಹಿಡಿದು ದಾರ್ಷ್ಟಾಂತಿಕವನ್ನು ಬಿಟ್ಟೆನು.

ನಮ್ಮ ಹಿರಿಯರಿಗೆ ಈ ವಿವೇಕ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದಿಂದ ಮುಂದೆ ಅನೇಕ ವರ್ಷಗಳವರೆಗೆ, ಇಲಿ ಬಿದ್ದಿತೆಂದರೆ ಊರನ್ನೇ ತೆರವು ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರೆಂಬುದನ್ನು ನಮ್ಮ ಮನೆಗಳಲ್ಲಿ ಮುದುಕರು ಹೇಳುತ್ತಿದ್ದರು. 2020ರಲ್ಲಿ ನಾವೇ ಅದನ್ನು ಅನುಭವಿಸಿದೆವು. ಪಂಕ್ತಿಪ್ರಸಾದ ನಿಂತಿತು, ಜಾತ್ರೆ ನಿಂತಿತು, ಪಾದೋದಕಕ್ಕೆ ಕೈಯೊಡ್ಡುವವರು ಮಾರುದೂರ ನಿಂತರು. ಆಗ ಅದನ್ನು ಯಾರೂ ನಿರ್ದಯೆ ಎನ್ನಲಿಲ್ಲ. ನಿರ್ದಯೆ ಕಂಡದ್ದು ಬೇರೆ ಕಡೆ: ದೂರವಿರಿಸಿದವರನ್ನು ಆಮೇಲೆ ಮರೆತ ಮನೆಗಳಲ್ಲಿ, ಬಾಗಿಲ ಬಳಿ ಅನ್ನವಿಟ್ಟು ಹೇಗಿದ್ದೀಯೆಂದು ಕೇಳದೆ ಹೋದವರಲ್ಲಿ.

ಆದುದರಿಂದ ಬುಟ್ಟಿಯಡಿಯಲ್ಲಿ ಇಟ್ಟ ಮೇಲೆ ಏನೆಂಬುದೇ ಮುಖ್ಯ. ಪಶುವೈದ್ಯರ ಮಾತಿನಂತೆ ಆ ಹುಡುಗನು ನಡೆದ ಬಗೆಯನ್ನು ಹೇಳುತ್ತೇನೆ. ಮನೆಯಿಂದಲೂ ಬಾವಿಯಿಂದಲೂ ದೂರವಾಗಿ, ಬೇವಿನ ನೆರಳಿನಲ್ಲಿ, ಗಾಳಿಯಾಡುವ ದೊಡ್ಡ ಬುಟ್ಟಿ. ಕೆಳಗೆ ಹುಲ್ಲು, ಕೊಳೆಯಾದ ಹುಲ್ಲನ್ನು ದಿನವೂ ತೆಗೆದು ಸುಣ್ಣ ಹಾಕಿ ಹೂಳುವುದು. ನೀರಿಗೆ ಬೇರೆ ಮಣ್ಣಿನ ತಟ್ಟೆ. ಅದರಲ್ಲಿ ಚೂರು ಬೆಲ್ಲ, ಚಿಟಿಕೆ ಉಪ್ಪು. ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ತಿಂದರೆ ತಿನ್ನಲಿ. ಉಸಿರಾಟಕ್ಕೇ ಕಷ್ಟಪಡುವ ಹಕ್ಕಿಯ ಕೊಕ್ಕು ಬಿಡಿಸಿ ನೀರು ಹೊಯ್ಯಬಾರದು. ಅದು ಶ್ವಾಸನಾಳಕ್ಕೆ ಇಳಿದು ಕೂಡಲೇ ಪ್ರಾಣ ಹೋಗಬಹುದು. ಮಮತೆಯಿಂದ ಹೀಗೆ ಕೊಂದವರು ಬಹಳ ಮಂದಿಯಂತೆ. ಬೆಳಿಗ್ಗೆ ಮೊದಲು ಆರೋಗ್ಯದ ಕೋಳಿಗಳಿಗೆ ಮೇವು ಹಾಕಿ, ಕೊನೆಯಲ್ಲಿ ರೋಗಿಯ ಬಳಿ ಹೋಗತಕ್ಕದ್ದು, ಹಿಂದುಮುಂದಾಗಬಾರದು. ಮೂಗುಬಾಯಿಗೆ ಬಟ್ಟೆ, ಬಂದ ಮೇಲೆ ಸಾಬೂನಿನಿಂದ ಕೈಕಾಲು ತೊಳೆಯುವುದು, ಆ ಚಪ್ಪಲಿಯನ್ನು ಬೇರೆ ಎಲ್ಲಿಗೂ ಮೆಟ್ಟದಿರುವುದು. ನಾನೂ ಎರಡು ದಿನ ಹೋಗಿ ನೋಡಿದೆನು. ಲಿಂಗಪೂಜೆಗೆ ಕೂಡುವವನು ತೋರುವ ಶುಚಿಯನ್ನು ಆ ಹುಡುಗನು ಆ ಬುಟ್ಟಿಯ ಸುತ್ತ ತೋರುತ್ತಿದ್ದನು. ಸೇವೆ ಮುಗಿದ ಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ಕಲ್ಲಿನ ಮೇಲೆ ಕುಳಿತು ಅದರೊಡನೆ ಮಾತನಾಡುತ್ತಿದ್ದನು. ಕೆಂಚಿಗೆ ದನಿ ತಿಳಿಯುತ್ತಿತ್ತು. ಕತ್ತು ಒಂದೆಡೆಗೆ ತಿರುಚಿಕೊಂಡಿದ್ದರೂ ದನಿ ಬಂದ ಕಡೆಗೆ ಹೊರಳುತ್ತಿತ್ತು.

ಹೀಗಿರಲು ಗುರುವಾರದ ಸಂತೆ ಬಂದಿತು. ಹುಡುಗನ ತಂದೆಗೆ ಇನ್ನೂ ಕಾಯಿಲೆ ತೋರದ ಎರಡು ಕೋಳಿಗಳಿದ್ದವು. ಅವನ್ನು ಕಾಲು ಕಟ್ಟಿ ಸಂತೆಗೆ ಹೊರಟಿದ್ದಾನೆಂದು ಹುಡುಗನು ಓಡಿಬಂದು ಹೇಳಿದನು. ಸಾಯುವುದಕ್ಕೆ ಮುಂಚೆ ಮಾರಿಬಿಡುವುದು ಎಲ್ಲ ಊರುಗಳಲ್ಲಿಯೂ ನಡೆದುಬಂದ ರೂಢಿ. ರೋಗ ಒಂದು ಊರಿನಿಂದ ಹತ್ತು ಊರಿಗೆ ಹೋಗುವುದು ಬಹಳವಾಗಿ ಈ ದಾರಿಯಲ್ಲಿಯೇ. ನಾನು ಅವನನ್ನು ಹಳ್ಳದ ಕಟ್ಟೆಯ ಬಳಿ ಹಿಡಿದು ನಿಲ್ಲಿಸಿದೆನು. 2009ರ ಕೇಂದ್ರ ಕಾಯಿದೆಯೊಂದು ಇಂಥ ರೋಗ ಬಂದ ಪ್ರಾಣಿಯನ್ನು ಬೇರ್ಪಡಿಸಿ ಸುದ್ದಿ ಕೊಡುವ ಹೊಣೆಯನ್ನು ಒಡೆಯನ ಮೇಲೆ ಹೊರಿಸಿದೆ, ರಾಣಿಖೇತವೂ ಹಕ್ಕಿಜ್ವರವೂ ಅದರ ಪಟ್ಟಿಯಲ್ಲಿವೆ ಎಂದು ಪಶುವೈದ್ಯರು ತಿಳಿಸಿದ್ದರು, ಅದನ್ನು ಹೇಳಿದೆನು. ಅವನಿಗೆ ತಟ್ಟಲಿಲ್ಲ. ಆಗ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ತೆಗೆದೆನು. ಗಂಡನು ದಿನಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದುಬರಲು ಹೇಳಿದ ಆ ಮಹಾಶರಣೆಯ ಸತ್ಯಶುದ್ಧ ಕಾಯಕವನ್ನು ನೆನೆ, ರೋಗವಿರುವ ಮಾಲನ್ನು ಆರೋಗ್ಯವೆಂದು ಮಾರಿದ ಹಣ ಮನೆಗೆ ಬರಬಾರದು ಎಂದೆನು.

ಅವನು ಕೋಳಿಗಳನ್ನು ನೆಲಕ್ಕಿಳಿಸಿ ನನ್ನನ್ನು ನೋಡಿ ಹೇಳಿದನು: "ಮಾಸ್ತರ್ರ, ಲಕ್ಕಮ್ಮನ ಮನ್ಯಾಗ ಅಕ್ಕಿ ಹೆಚ್ಚಾಗಿತ್ತು. ನಮ್ಮ ಮನ್ಯಾಗ ಕಡಿಮಿ ಆಗೇತಿ."

ಶರಣರೇ, ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಕೊರತೆಗೆ ನಾನೂ ಕಾರಣನೆಂಬುದು ಅವನಿಗೆ ತಿಳಿದಿತ್ತು, ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಅಲ್ಲಿಂದ ನಾವಿಬ್ಬರೂ, ಕಟ್ಟಿದ ಕೋಳಿಗಳನ್ನು ಮಠದ ಅಂಗಳದೊಳಗೆ ತರದೆ ಹೊರಗಿನ ಕಟ್ಟೆಯ ಬಳಿಯೇ ಹುಡುಗನ ಕಾವಲಿನಲ್ಲಿ ಬಿಟ್ಟು, ಶ್ರೀಗಳವರ ಸನ್ನಿಧಿಗೆ ಹೋದೆವು. ನಡೆದುದನ್ನೆಲ್ಲ, ನನ್ನ ವಿಭೂತಿಯ ಉಪದೇಶವನ್ನೂ ಸೇರಿಸಿ, ಬಿನ್ನವಿಸಿದೆನು. ಶ್ರೀಗಳವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, ಊರಿಗೆ ಬರುವ ನಷ್ಟವನ್ನು ತನ್ನ ಮನೆಯೊಳಗೇ ತಡೆದು ನಿಲ್ಲಿಸಿಕೊಳ್ಳುವವನು ಊರಿಗೆಲ್ಲ ದಾಸೋಹ ಮಾಡಿದಂತಾಯಿತು, ಅವನ ಹಗೇವು ಬರಿದಾಗಲು ಬಿಡುವುದು ಊರಿಗೆ ಶೋಭೆಯಲ್ಲ ಎಂದು ಅಪ್ಪಣೆ ಕೊಡಿಸಿ, ಆ ಮನೆಗೂ ವೃದ್ಧೆಯ ಮನೆಗೂ ದಾಸೋಹದ ಕಣಜದಿಂದ ಜೋಳವನ್ನು ಕಳುಹಿಸಿದರು. ಕೊಡುವಾಗ ಧರ್ಮವೆಂದು ಹೇಳಬಾರದು, ಸಲ್ಲತಕ್ಕದ್ದು ಸಂದಿತೆಂದು ಹೇಳಬೇಕು ಎಂದೂ ಸೂಚಿಸಿದರು. ನನ್ನ ಪಾಲಿಗೆ ಯಾವ ಮಾತೂ ಬರಲಿಲ್ಲ; ಅದೇ ನನಗೆ ದೊಡ್ಡ ದಂಡನೆಯಾಯಿತು.

ಪಂಚಾಚಾರಗಳಲ್ಲಿ ಸದಾಚಾರವೆಂಬುದನ್ನು ನಾವು ವಿವರಿಸುವಾಗ ಪ್ರಾಮಾಣಿಕವಾದ ಸಂಪಾದನೆಯ ಮಾತನ್ನು ಹೇಳುತ್ತೇವೆ. ಗಣಾಚಾರವೆಂದಾಗ ಸಮುದಾಯದ ರಕ್ಷಣೆಯನ್ನು ಹೇಳುತ್ತೇವೆ. ಇವೆರಡನ್ನು ಬೇರೆ ಬೇರೆ ಪಾಠವಾಗಿ ಹೇಳುತ್ತಿದ್ದ ನನಗೆ ಅಂದು ತಿಳಿದುದೇನೆಂದರೆ, ಬಡವನೊಬ್ಬನ ಸದಾಚಾರವು ನಿಲ್ಲಬೇಕಾದರೆ ಅದರ ಬೆನ್ನಿಗೆ ಊರಿನ ಗಣಾಚಾರ ನಿಂತಿರಬೇಕು. ಹಕ್ಕಿಜ್ವರ ಬಂದೆಡೆಯಲ್ಲಿ ಕೋಳಿಗಳನ್ನು ನಾಶಪಡಿಸಿದಾಗ ಸರಕಾರವು ಒಡೆಯರಿಗೆ ಪರಿಹಾರ ಕೊಡುವುದುಂಟು. ಆ ನಾಶವನ್ನು ನೆನೆದರೆ ಜೀವದಯೆಯುಳ್ಳ ಯಾರಿಗೂ ಸಂಕಟವಾಗುತ್ತದೆ. ಲಕ್ಷಗಟ್ಟಲೆ ಹಕ್ಕಿಗಳ ಹತ್ಯೆಯನ್ನು ಪುಣ್ಯವೆಂದು ನಾನು ಹೇಳಲಾರೆ. ಆದರೆ ಪರಿಹಾರದ ಆ ಏರ್ಪಾಡಿಲ್ಲದಿದ್ದರೆ ಜನ ರೋಗವನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟ ರೋಗ ಇನ್ನೂ ಹೆಚ್ಚು ಕೊಲ್ಲುತ್ತದೆ ಎಂಬುದನ್ನು ಹಳ್ಳದ ಕಟ್ಟೆಯ ಮೇಲೆ ಕಂಡುಕೊಂಡೆನು.

ಸಂತೆಗೆ ಹೋಗದೆ ಹಿಂದಿರುಗಿದ ಆ ಎರಡರಲ್ಲಿ ಒಂದು ಮುಂದಿನ ವಾರ ಸತ್ತಿತು. ಕೆಂಚಿ ಅದಕ್ಕೂ ಮೊದಲೇ, ಸಂತೆಯ ಮರುದಿನ ಬೆಳಗಿನ ಜಾವದಲ್ಲಿ ಹೋಯಿತು. ಸತ್ತ ಕೋಳಿಯನ್ನು ತಿಪ್ಪೆಗೋ ಹಳ್ಳಕ್ಕೋ ಎಸೆಯುವುದು ರೂಢಿ. ನಾಯಿ ಎಳೆಯುತ್ತದೆ, ಕಾಗೆ ಕಚ್ಚಿಕೊಂಡು ಹೋಗುತ್ತದೆ. ಹುಡುಗನೂ ತಂದೆಯೂ ಮೊಣಕಾಲಿಗಿಂತ ಆಳವಾದ ಗುಂಡಿ ತೋಡಿದರು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಇಳಿಸಿ, ಮೇಲೆ ಸುಣ್ಣ ಸುರಿದು ಮಣ್ಣು ಮುಚ್ಚಿ, ಕಲ್ಲು ಹೇರಿದರು. ಬುಟ್ಟಿಯನ್ನು ಸುಟ್ಟರು. ಹುಡುಗನು ನನ್ನ ಬಳಿ ಬಂದು ವಿಭೂತಿ ಕೇಳಿದನು. ನನಗೆ ಕೊಡಲು ನಾಚಿಕೆಯಾಯಿತು. ಮಣ್ಣಿನ ಮೇಲೆ ಹಾಕುತ್ತೇನೆ, ಮುಟ್ಟುವುದಿಲ್ಲ ಎಂದನು. ಕೊಟ್ಟೆನು.

ವೃದ್ಧೆಯ ಮನೆಗೆ ಹೋಗಿ ಕ್ಷಮೆ ಬೇಡುವುದು ಮಾತ್ರ ನಾಲ್ಕು ದಿನ ತಡವಾಯಿತು, ಕಾಲು ಏಳಲಿಲ್ಲ. ಹೋದಾಗ ಅವಳು ಖಾಲಿ ಗೂಡಿಗೆ ಸುಣ್ಣ ಬಳಿಯುತ್ತಿದ್ದಳು. ಹೇಳಿದೆನು. ಅವಳು ಕೈಯ ಸುಣ್ಣವನ್ನು ಒರೆಸಿಕೊಳ್ಳದೆ, "ನಿಮಗ ಗೊತ್ತಿರಲಿಲ್ಲ, ಮಾಸ್ತರ್ರ. ಆದ್ರ ಗೊತ್ತಿಲ್ಲಂತ ಅಂದಿದ್ರ ನಡೀತಿತ್ತು" ಎಂದಳು. ಮೂವತ್ತು ವರ್ಷಗಳ ನನ್ನ ಬೋಧಕವೃತ್ತಿಯ ಮೇಲೆ ಇಷ್ಟು ಚಿಕ್ಕದಾದ, ಇಷ್ಟು ಸರಿಯಾದ ಭಾಷ್ಯವನ್ನು ಯಾರೂ ಬರೆದಿರಲಿಲ್ಲ.

ಗೂಡುಗಳನ್ನು ಒಂದು ತಿಂಗಳಿಗೂ ಹೆಚ್ಚು ಕಾಲ ಬರಿದಾಗಿ ಬಿಸಿಲಿಗೆ ಬಿಟ್ಟರು. ಅನಂತರ ಲಸಿಕೆಯ ವಿಚಾರ ಬಂದಿತು. ರಾಣಿಖೇತಕ್ಕೆ ಮದ್ದಿಲ್ಲವಾದರೂ ಬಾರದಂತೆ ತಡೆಯುವ ಲಸಿಕೆ ಬಹುಕಾಲದಿಂದಲೂ ಇದೆ. ಹಿಮಾಲಯದ ಮಡಿಲಿನ ಮುಕ್ತೇಶ್ವರದ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿ ಸಿದ್ಧವಾದ ಬಗೆ ಇಂದಿಗೂ ಬಳಕೆಯಲ್ಲಿದೆ. ಶಿವನ ಹೆಸರಿನ ಊರಿನಿಂದ ಬಂದ ಮದ್ದೆಂದು ಹೇಳಿದಾಗ ನಮ್ಮ ಮಕ್ಕಳಿಗೆ ಬಹಳ ಸಂತೋಷವಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ನಮ್ಮ ರಾಜ್ಯದ ಸಂಸ್ಥೆಯೂ ಕೋಳಿಗಳ ಲಸಿಕೆಗಳನ್ನು ತಯಾರಿಸುತ್ತದೆ. ಮರಿಯಾಗಿ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರಗಳಾದ ಮೇಲೆ ಚುಚ್ಚುಮದ್ದು. ತೊಡಕು ಇರುವುದು ಒಂದೇ ಕಡೆ. ಲಸಿಕೆಯ ಒಂದು ಶೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಇರುತ್ತದೆ, ತಂಪಿನಲ್ಲಿಯೇ ತರಬೇಕು, ಒಡೆದು ಕಲಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಎರಡು ಕೋಳಿಯುಳ್ಳವನು ತನ್ನೆರಡಕ್ಕಾಗಿ ಅದನ್ನು ಒಡೆಸಲಾರ. ಊರವರೆಲ್ಲ ಕೂಡಿಬಂದರೆ ಎಲ್ಲರಿಗೂ ಆಯಿತು, ಬಾರದಿದ್ದರೆ ಯಾರಿಗೂ ಇಲ್ಲ. ಅಣ್ಣನವರು ಹೇಳಿದ ಆ ಕೂಗು ಇಲ್ಲಿ ಬೇಕಾಗಿತ್ತು.

ಆ ಕೆಲಸವನ್ನು ಹುಡುಗನು ವಹಿಸಿಕೊಂಡನು. ಮೂರು ದಿನ ಮುಂಚಿನಿಂದ, ಶಾಲೆ ಬಿಟ್ಟ ಮೇಲೆ, ಕೇರಿ ಕೇರಿಗೆ ಹೋಗಿ ಯಾರ ಮನೆಯಲ್ಲಿ ಎಷ್ಟೆಂದು ಲೆಕ್ಕ ಬರೆದುಕೊಂಡನು. ನಮ್ಮಲ್ಲಿ ಕೋಳಿ ಸಾಕುವ ಪದ್ಧತಿಯಿಲ್ಲವೆಂದು ಬಾಗಿಲಲ್ಲಿಯೇ ಹಿಂದಿರುಗಿಸಿದ ಮನೆಗಳಿಂದಲೂ ಪಶುವೈದ್ಯರ ಮಂಜುಗಡ್ಡೆಯ ಪೆಟ್ಟಿಗೆಗೆ ಮಂಜುಗಡ್ಡೆಯನ್ನು ಕೇಳಿ ತಂದನು. ಕಾಯಿಲೆಯ ಹಕ್ಕಿಗಳನ್ನು ತರಬಾರದು, ಅವುಗಳಿಗೆ ಲಸಿಕೆ ಹಾಕುವುದಿಲ್ಲ, ಒಂದೊಂದು ಮನೆಯವರು ಬೇರೆ ಬೇರೆಯಾಗಿ ಬಂದು ಹಾಕಿಸಿಕೊಂಡು ಹೋಗಬೇಕು ಎಂದು ತಾನೇ ಎಲ್ಲರಿಗೂ ಹೇಳಿದನು.

ಗೊತ್ತಾದ ದಿನ ಬೆಳಿಗ್ಗೆ ಮಠದ ಹೊರಗಣ ಬಯಲಿನ ಬೇವಿನ ಮರದ ಕೆಳಗೆ ಪಶುವೈದ್ಯರು ಕುಳಿತರು. ಎಂಬತ್ತಕ್ಕೂ ಹೆಚ್ಚು ಕೋಳಿಗಳು ಬಂದವು. ವೃದ್ಧೆ ತನ್ನಲ್ಲಿ ಉಳಿದ ಎರಡನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಬಂದು, ಯಾರೂ ಹೇಳದೆಯೇ ಬಯಲಿನ ಆ ತುದಿಯಲ್ಲಿ ಕುಳಿತಿದ್ದಳು. ಎಲ್ಲರದೂ ಮುಗಿದ ಮೇಲೆ ಅವಳ ಸರದಿ. ಹುಡುಗನು ಹೋಗಿ ಅವಳ ಬುಟ್ಟಿಯನ್ನು ಹೊತ್ತು ತಂದನು. ಲಸಿಕೆಯಾದ ಮೇಲೆ ಅವಳು ಎದ್ದು ಹೋಗಲಿಲ್ಲ. ಹುಡುಗನು ಸಾಬೂನು ಹಿಡಿದು ತೊಟ್ಟಿಯ ಬಳಿ ಕೈ ತೊಳೆಯುವುದನ್ನು ನೋಡುತ್ತಿದ್ದು, ಅವನು ತಿರುಗಿ ಬಂದಾಗ, ಮುಂದಿನ ತಿಂಗಳು ತನ್ನ ಹೇಂಟೆ ಕಾವಿಗೆ ಕೂರುವುದೆಂದೂ, ಮರಿಗಳು ಎದ್ದರೆ ಒಂದು ಹೇಂಟೆಮರಿ ಅವನದೆಂದೂ ಹೇಳಿದಳು. ಹುಡುಗನು ಕೂಡಲೇ ಒಪ್ಪಲಿಲ್ಲ. ಮೊದಲ ವಾರದಲ್ಲಿ ಅದರ ಕಣ್ಣಿಗೆ ಹನಿ ಹಾಕಿಸಬೇಕು, ಹಾಕಿಸಿದ ಮೇಲೆ ತೆಗೆದುಕೊಂಡು ಹೋಗುತ್ತೇನೆ ಎಂದನು.